ಡಿಸ್ಕ್ ಗಾಲ್ಫ್: ಪಳಗಿದ ಕೈ ಎಷ್ಟು ದೂರ ಎಸೆಯಬೇಕು, ಎಷ್ಟು ನೇರ?

ಅಮ್ಮತ್ತಿಯಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಎರಡು ವರ್ಷ ಡಿಸ್ಕ್ ಗಾಲ್ಫ್ (ತಟ್ಟೆಯಂಥ ಡಿಸ್ಕನ್ನು ಆದಷ್ಟು ಕಡಿಮೆ ಎಸೆತದಲ್ಲಿ ದೂರದ ಬುಟ್ಟಿಗೆ ಬೀಳಿಸುವ ಆಟ) ಆಡಿದ್ದೆ. ಈಗ ಊರಿಗೆ ಬಂದು ಕಾಫಿ ತೋಟ ನೋಡಿಕೊಳ್ಳುತ್ತಿದ್ದೇನೆ. ಸಂಜೆ ಶಾಲೆ ಮೈದಾನದಲ್ಲಿ ಒಬ್ಬನೇ ಎಸೆಯುತ್ತೇನೆ, ಚೆನ್ನಾಗಿ ಹೋದರೆ 85 ಮೀಟರ್. ವಿಡಿಯೊಗಳಲ್ಲಿ ನೋಡಿದರೆ ಎಲ್ಲರೂ 150 ಮೀಟರ್ ಎಸೆಯುತ್ತಾರೆ. ನಿಜವಾಗಿ ಪಳಗಿದ ಆಟಗಾರ ಅಂದರೆ ಎಷ್ಟು ದೂರ ಎಸೆಯಬೇಕು? ಎಷ್ಟು ನೇರ ಹೋಗಬೇಕು? ದೂರದ ಹಿಂದೆ ಬಿದ್ದು ಮೊಣಕೈ ನೋಯಲು ಶುರುವಾಗಿದೆ, ಅದಕ್ಕೇ ಕೇಳುತ್ತಿದ್ದೇನೆ. ಅನುಭವ ಇರುವವರು ಹೇಳಿ.

ಗೋಣಿಕೊಪ್ಪದಿಂದ:

ಮೊದಲು ಮೊಣಕೈ ವಿಷಯ. ಹತ್ತು ದಿನ ಡ್ರೈವರ್ (ದೂರಕ್ಕೆ ಎಸೆಯುವ ಡಿಸ್ಕ್) ಮುಟ್ಟಬೇಡಿ, ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ನಾನು ಒಂದು ಬೇಸಿಗೆ ಪೂರ್ತಿ ನೋವಿನಲ್ಲೇ ಎಸೆದೆ. ಆಮೇಲೆ ಐದು ತಿಂಗಳು ಆ ಕೈಯಲ್ಲಿ ತುಂಬಿದ ಬಕೆಟ್ ಎತ್ತಲೂ ಆಗಲಿಲ್ಲ.

ಈಗ ದೂರ. 85 ಮೀಟರ್ ಅಂದಿರಲ್ಲ, ಟೇಪ್ ಹಿಡಿದು ಅಳೆದದ್ದಾ, ಹೆಜ್ಜೆ ಲೆಕ್ಕವಾ? ನಾನು ತುಂಬಾ ದಿನ ನೂರು ಹೆಜ್ಜೆ ಅಂದರೆ ನೂರು ಮೀಟರ್ ಅಂದುಕೊಂಡಿದ್ದೆ. ಒಮ್ಮೆ ಟೇಪ್ ಹಾಕಿದಾಗ 78 ಬಂತು. ನಮ್ಮ ಕೊಡಗು ಜಿಲ್ಲೆಯಲ್ಲಿ ಇದಕ್ಕೆ ಒಳ್ಳೆಯ ಅಳತೆ ಸಿಗುತ್ತದೆ: ಹಾಕಿ ಮೈದಾನ. ಪೂರ್ತಿ ಅಳತೆಯ ಮೈದಾನವಾದರೆ ಒಂದು ಗೋಲ್ ಲೈನಿನಿಂದ ಇನ್ನೊಂದಕ್ಕೆ 91.4 ಮೀಟರ್, ಅಂದರೆ 300 ಅಡಿ. ಅಮೆರಿಕದವರು ಈ ಆಟದ ಲೆಕ್ಕವನ್ನೆಲ್ಲ ಅಡಿಯಲ್ಲೇ ಹೇಳುತ್ತಾರೆ, ಅಲ್ಲಿನ ಹೊಸಬರು 300 ಅಡಿ ದಾಟಿದ ದಿನವನ್ನು ಮರೆಯುವುದಿಲ್ಲ. ಆ 300 ಅಡಿ ಇಲ್ಲಿ ನಮ್ಮ ಮಕ್ಕಳು ದಿನಾ ಓಡುವ ಮೈದಾನ, ಅಷ್ಟೇ ದೂರ.

ಗಾಳಿ ಇಲ್ಲದ, ಸಮತಟ್ಟು ಜಾಗದ ಲೆಕ್ಕ ಹೇಳುತ್ತೇನೆ. ವಾರಕ್ಕೆ ಎರಡು ಮೂರು ಸಲ ಆಡುವವರು 75ರಿಂದ 90 ಮೀಟರ್ ಎಸೆಯುತ್ತಾರೆ. ಟೂರ್ನಮೆಂಟ್ ಆಡುವ ಒಳ್ಳೆಯ ಹವ್ಯಾಸಿಗಳು 100ರಿಂದ 120. ಆಟವನ್ನೇ ಕಸುಬು ಮಾಡಿಕೊಂಡ ಗಂಡಸರು 130ರಿಂದ 150, ಅವರಲ್ಲಿ ಕೆಲವರು ಇನ್ನೂ ಜಾಸ್ತಿ. ಅದೇ ಮಟ್ಟದ ಹೆಂಗಸರು 105ರಿಂದ 125. ನೀವು ನೋಡುವ 150 ಆ ಮೇಲಿನವರದು, ಅದೂ ಹತ್ತು ಎಸೆತದಲ್ಲಿ ಚೆನ್ನಾಗಿ ಹೋದ ಒಂದು. ವಿಶ್ವದಾಖಲೆ 338 ಮೀಟರ್ ಅಂತ ಎಲ್ಲೋ ಓದಿರಬಹುದು. 2016ರಲ್ಲಿ ಡೇವಿಡ್ ವಿಗ್ಗಿನ್ಸ್ ಜೂನಿಯರ್ ಎಸೆದದ್ದು. ಅದೇ ವರ್ಷ ಜೆನ್ನಿಫರ್ ಆ್ಯಲನ್ ಹೆಂಗಸರಲ್ಲಿ 173.3 ಮೀಟರ್ ಎಸೆದರು. ವಿಗ್ಗಿನ್ಸ್ ಎಸೆದದ್ದು ನೆವಾಡದ ಮರುಭೂಮಿಯಲ್ಲಿ, ಜೋರು ಗಾಳಿ ಬೆನ್ನಿಗಿಟ್ಟುಕೊಂಡು. ದೂರಕ್ಕೇ ಮೀಸಲಾದ ಎಸೆತ ಅದು, ಮುಂದೆ ಬುಟ್ಟಿ ಇಲ್ಲ, ಮರ ಇಲ್ಲ. ಅದನ್ನು ನಿಮ್ಮ ಸಂಜೆಯ ಎಸೆತದ ಪಕ್ಕ ಇಡಬೇಡಿ.

ನೇರದ ವಿಷಯ ನನಗೆ ಇದಕ್ಕಿಂತ ಮುಖ್ಯ. ಕೈಯಿಂದ ಬಿಡುವಾಗ ಡಿಸ್ಕ್ 5 ಡಿಗ್ರಿ ಪಕ್ಕಕ್ಕೆ ಹೋದರೆ 90 ಮೀಟರ್ ದೂರದಲ್ಲಿ ಅದು ಸುಮಾರು 8 ಮೀಟರ್ ಆಚೆ ಇರುತ್ತದೆ. 10 ಡಿಗ್ರಿ ಆದರೆ 16 ಮೀಟರ್. ಬುಟ್ಟಿಯ ಸುತ್ತ 10 ಮೀಟರ್ ವೃತ್ತ ಇರುತ್ತದಲ್ಲ, ಪಟ್ ಮಾಡುವ, ಅಂದರೆ ಹತ್ತಿರದಿಂದ ಬುಟ್ಟಿಗೆ ಎಸೆಯುವ ಜಾಗ, ಅಷ್ಟು ದೂರದಿಂದ ಅದರೊಳಗೆ ಬೀಳಿಸಬೇಕಾದರೆ ಆ ಕಡೆ ಈ ಕಡೆ 6 ಡಿಗ್ರಿ ಮಾತ್ರ ನಿಮ್ಮ ಕೈಯಲ್ಲಿದೆ. ಅದಕ್ಕೇ 90 ಮೀಟರಿನಿಂದ ಹತ್ತಕ್ಕೆ ಮೂರೋ ನಾಲ್ಕೋ ವೃತ್ತದೊಳಗೆ ಬಿದ್ದರೂ ಆ ಆಟಗಾರ ಪಳಗಿದವರು ಅಂತಲೇ ನಾನು ಹೇಳುವುದು. ಕೊಡವರ ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಕೋವಿಯ ಗುಂಡು ಎಷ್ಟು ದೂರ ಹೋಯಿತು ಅಂತ ಯಾರಾದರೂ ಕೇಳುತ್ತಾರಾ? ಕಾಯಿ ಒಡೆಯಿತಾ ಅಂತ ಕೇಳುತ್ತಾರೆ.

ಒಂದು ಕೆಲಸ ಮಾಡಿ. ಗೋಲ್ ಲೈನಿನ ನಡುವೆ ನಿಂತು ಎದುರಿನ ಗೋಲಿಗೆ ಗುರಿ ಇಡಿ. ಪೂರ್ತಿ ಮೈದಾನದಲ್ಲಿ 77 ಮೀಟರಿಗೆ ಎದುರಿನ ಡಿ (ಗೋಲಿನ ಮುಂದಿನ ಅರ್ಧವೃತ್ತದಂಥ ಗೆರೆ) ಶುರುವಾಗುತ್ತದೆ, ಗೋಲ್ ಲೈನಿನ ಹತ್ತಿರ ಅದರ ಅಗಲ ಸುಮಾರು 33 ಮೀಟರ್. 20 ಎಸೆತ ಎಸೆಯಿರಿ, ಡಿ ಒಳಗೆ ಎಷ್ಟು ಬಿತ್ತು ಬರೆದಿಡಿ. ಎಲ್ಲಕ್ಕಿಂತ ದೂರ ಹೋದ ಎಸೆತವನ್ನು ಬರೆಯಬೇಡಿ. 20ನ್ನೂ ದೂರದ ಪ್ರಕಾರ ಸಾಲಾಗಿಟ್ಟು ನಡುವಿನದನ್ನು ಬರೆಯಿರಿ. ನಿಮ್ಮ ದೂರ ಅದೇ.

ಮಡಿಕೇರಿಯಿಂದ:

ಮೇಲಿನ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ. ಗುಡ್ಡದ ಮೇಲಿಂದ ಕೆಳಗೆ ಎಸೆದರೆ ಯಾರ ಕೈಯಿಂದಲಾದರೂ 110 ಹೋಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಡಿಕೇರಿ 1,100 ಮೀಟರಿಗಿಂತ ಎತ್ತರದಲ್ಲಿದೆ, ಗಾಳಿ ಸ್ವಲ್ಪ ತೆಳು. ಮಂಗಳೂರಿನ ಕಡಲ ತೀರದಲ್ಲಿ ನೇರ ಹೋದ ಡಿಸ್ಕೇ ಇಲ್ಲಿ (ಕೈಯನ್ನು ಎದೆಯ ಅಡ್ಡದಿಂದ ಬೀಸುವ) ಬಲಗೈ ಬ್ಯಾಕ್‌ಹ್ಯಾಂಡಿಗೆ ಬೇಗ ಎಡಕ್ಕೆ ವಾಲುವುದನ್ನು ನೋಡಿದ್ದೇನೆ. ಎದುರು ಗಾಳಿ ಇದ್ದರೆ ಅದೇ ಡಿಸ್ಕ್ ಬಲಕ್ಕೆ ತಿರುಗುತ್ತದೆ. ಹಾಗಾಗಿ ಎಸೆತ ಪಕ್ಕಕ್ಕೆ ಹೋದಾಗೆಲ್ಲ ಕೈಯನ್ನೇ ಬೈಯಬೇಡಿ.

ಪೊನ್ನಂಪೇಟೆಯಿಂದ:

ನಾನು 72 ಮೀಟರ್ ಎಸೆಯುತ್ತೇನೆ. ಆರು ವರ್ಷದಿಂದ ಆಡುತ್ತಿದ್ದೇನೆ, 72 ಮೀಟರೇ. ನನ್ನ ಅಣ್ಣನ ಮಗ 100 ದಾಟಿಸುತ್ತಾನೆ. ಆದರೂ ಮರಗಳ ನಡುವೆ ನಾವು ಗುರುತು ಮಾಡಿಕೊಂಡ ಒಂಬತ್ತು ಬುಟ್ಟಿಗಳಲ್ಲಿ ಹೆಚ್ಚಿನ ದಿನ ನನ್ನ ಎಸೆತಗಳೇ ಕಡಿಮೆ. ಅವನ ಡಿಸ್ಕ್ ಸಿಲ್ವರ್ ಓಕ್‌ಗೆ ಬಡಿದು 30 ಮೀಟರಿಗೇ ಬಿದ್ದಿರುತ್ತದೆ.

ನಿಮ್ಮ ಹತ್ತಿರ ಯಾವ ಡಿಸ್ಕ್ ಇದೆ ಅಂತ ಹೇಳಲಿಲ್ಲ. ಅದರ ಮೇಲೆ ನಾಲ್ಕು ಅಂಕಿ ಇರುತ್ತದೆ ನೋಡಿ, ಮೊದಲನೆಯದು ವೇಗ. ಅದು 12, 13 ಇದ್ದರೆ ಸುಮ್ನೆ ಕಪಾಟಿನಲ್ಲಿಡಿ ತಮ್ಮಾ. ಆ ಡಿಸ್ಕಿಗೆ ಬೇಕಾದ ವೇಗ 85 ಮೀಟರ್ ಎಸೆಯುವ ಕೈಯಲ್ಲಿ ಇನ್ನೂ ಬಂದಿರುವುದಿಲ್ಲ, ಅದು ಬೇಗ ಎಡಕ್ಕೆ ಬಿದ್ದುಬಿಡುತ್ತದೆ, ನೀವು ಇನ್ನೂ ಜೋರಾಗಿ ಎಳೆಯುತ್ತೀರಿ, ಮೊಣಕೈ ನೋಯುವುದು ಅಲ್ಲಿಂದಲೇ. ವೇಗ 6, 7ರ ಡಿಸ್ಕ್ ತಗೊಳ್ಳಿ. ನನಗೆ ಇನ್ನೋವಾದ ಲೆಪರ್ಡ್ ಚೆನ್ನಾಗಿ ಒಗ್ಗಿದೆ, ವೇಗ 6. ದೂರದಲ್ಲಿ ಐದು ಮೀಟರ್ ಹೋಗಬಹುದು, ಆದರೆ ಎಲ್ಲಿ ಬೀಳುತ್ತದೆ ಅಂತ ಗೊತ್ತಿರುತ್ತದೆ. ಮಳೆಗಾಲದಲ್ಲಿ ಎರಡು ಟವೆಲ್ ಇಟ್ಟುಕೊಳ್ಳಿ, ಒಂದು ಡಿಸ್ಕಿಗೆ, ಒಂದು ಕೈಗೆ. ಒದ್ದೆ ಡಿಸ್ಕ್ ಜಾರಿದರೆ ಡಿಗ್ರಿ ಲೆಕ್ಕವೇ ಇಲ್ಲ.

ಇನ್ನೊಂದು ಮಾತು. ತೋಟದೊಳಗೆ ಎಸೆಯಬೇಡಿ, ನಿಮ್ಮದೇ ತೋಟವಾದರೂ. ಮಾರ್ಚ್ ಏಪ್ರಿಲ್‌ನಲ್ಲಿ ಮಳೆ ಬಿದ್ದು ಹೂ ಅರಳಿದಾಗ ಗಿಡದ ನಡುವೆ ಓಡಾಡಿದರೆ ಹೂ ಉದುರುತ್ತದೆ. ಅಮ್ಮತ್ತಿ, ಸಿದ್ದಾಪುರದ ಕಡೆ ಸಂಜೆ ಆದ ಮೇಲೆ ಕಳೆದುಹೋದ ಡಿಸ್ಕ್ ಹುಡುಕಲು ಹೋಗಲೇಬೇಡಿ. ಆನೆ ಯಾವ ಸಾಲಿನಲ್ಲಿ ನಿಂತಿರುತ್ತದೆ ಗೊತ್ತಾಗುವುದಿಲ್ಲ. ಡಿಸ್ಕ್ ಬೆಳಿಗ್ಗೆ ಸಿಗುತ್ತದೆ.

ಸಿದ್ದಾಪುರದಿಂದ:

ಅಕ್ಕ ಹೇಳಿದ್ದರಲ್ಲಿ ಆನೆಯ ಮಾತು ನೂರಕ್ಕೆ ನೂರು ನಿಜ. ಆದರೆ ದೂರ ಮುಖ್ಯ ಅಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. 120 ಮೀಟರ್ ಎಸೆಯಬಲ್ಲವರು 90ರ ಬುಟ್ಟಿಗೆ ಮುಕ್ಕಾಲು ಬಲದಲ್ಲಿ, ಮಧ್ಯಮ ದೂರದ ಮಿಡ್‌ರೇಂಜ್ ಡಿಸ್ಕಿನಲ್ಲಿ ಎಸೆಯುತ್ತಾರೆ. 85ರವರು ಅದೇ ಬುಟ್ಟಿಗೆ ಮೈಯೆಲ್ಲ ಬಲ ಹಾಕಬೇಕು. ಯಾರದು ನೇರ ಹೋಗುತ್ತದೆ? ಕೈಯಲ್ಲಿ ದೂರ ಉಳಿದಿದ್ದರೆ ಅದೇ ನೇರ ಕೊಡುತ್ತದೆ.

ನನ್ನದು 88ರಿಂದ 107ಕ್ಕೆ ಬಂದದ್ದು ಎರಡು ವಿಷಯದಲ್ಲಿ. ಒಂದು, ಡಿಸ್ಕಿನ ಮೂತಿ, ಅಂದರೆ ಮುಂದಿನ ಅಂಚು. ಬಿಡುವಾಗ ಮೂತಿ ಮೇಲೆದ್ದರೆ ಅದು ಗಾಳಿಗೆ ಎದೆ ಕೊಟ್ಟು ಮೇಲೇರಿ ಅಲ್ಲೇ ನಿಂತು ಬಿದ್ದುಬಿಡುತ್ತದೆ. ಅದನ್ನು ತಗ್ಗಿಸಿದ ದಿನವೇ ನನಗೆ ಹತ್ತು ಮೀಟರ್ ಸಿಕ್ಕಿತು, ಬಲ ಜಾಸ್ತಿ ಹಾಕಿರಲಿಲ್ಲ. ಎರಡನೆಯದು, ಹಾಕಿ ಆಡಿ ಬೆಳೆದ ನಮ್ಮಂಥವರಿಗೆ ಅಂಟಿದ ಅಭ್ಯಾಸ. ಸ್ಟಿಕ್ ಬೀಸಿದ ಹಾಗೆ ಕೈಯನ್ನು ಮೈ ಸುತ್ತ ಬಳಸಿ ತರುತ್ತೇವೆ. ಡಿಸ್ಕ್ ಎದೆಗೆ ಹತ್ತಿರವಾಗಿ, ಗೆರೆ ಎಳೆದ ಹಾಗೆ ನೇರ ಬರಬೇಕು. ಮುಂದಿನ ಕಾಲು ಗಟ್ಟಿಯಾಗಿ ನಿಂತ ಮೇಲೆ ಸೊಂಟ ತಿರುಗಬೇಕು, ಕೈ ಕೊನೆಗೆ. ಕೈಯಿಂದಲೇ ಎಳೆದರೆ ಮೊಣಕೈ ನೋಯುತ್ತದೆ, ಕೇಳಿದವರ ನೋವು ಇದೇ ಇರಬೇಕು. ಫೋನಿನಲ್ಲಿ ಹಿಂದಿನಿಂದ ವಿಡಿಯೊ ತೆಗೆದು ನೋಡಿ.

ಗೋಣಿಕೊಪ್ಪದಿಂದ:

ಸಿದ್ದಾಪುರದವರು ಹೇಳಿದ ಮುಕ್ಕಾಲು ಬಲದ ಮಾತು ಸರಿ, ನಾನು ಅದನ್ನು ಬಿಟ್ಟಿದ್ದೆ. ಆದರೆ ಆ 120 ಬರುವ ತನಕ ಕಾಯುತ್ತಾ ನೇರವನ್ನು ಬಿಟ್ಟರೆ ಆಮೇಲೆ ಅದು ತಾನಾಗಿ ಬರುವುದಿಲ್ಲ. ವಾರದಲ್ಲಿ ಒಂದು ದಿನ ದೂರಕ್ಕೆ, ಉಳಿದ ದಿನ ಮಿಡ್‌ರೇಂಜಿನಲ್ಲಿ 60 ಮೀಟರಿಗೆ. ನಾನು ಮಾಡುವುದು ಹೀಗೆ.

ಅಮ್ಮತ್ತಿಯಿಂದ, ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಹತ್ತು ದಿನ ಕೈಗೆ ಪೂರ್ತಿ ರಜೆ ಕೊಟ್ಟೆ, ನೋವು ಇಳಿದಿದೆ. ನಿನ್ನೆ ಟೇಪ್ ತಗೊಂಡು ಹೋಗಿ ಮೊದಲು ಮೈದಾನವನ್ನೇ ಅಳೆದೆ. ನಮ್ಮ ಶಾಲೆ ಮೈದಾನ ಪೂರ್ತಿ ಅಳತೆಯದಲ್ಲ, 83 ಮೀಟರ್ ಮಾತ್ರ! ನಾನು ಆ ಗೋಲ್ ಲೈನ್ ನೋಡಿಕೊಂಡೇ 85 ಅಂತ ಲೆಕ್ಕ ಹಾಕಿದ್ದು. ಡ್ರೈವರಿನ ಮೇಲೆ ವೇಗ 12 ಅಂತಲೇ ಇತ್ತು, ಅದನ್ನು ಬ್ಯಾಗಿನಿಂದ ತೆಗೆದಿಟ್ಟಿದ್ದೇನೆ. ಕೈಯಲ್ಲಿದ್ದ ಮಿಡ್‌ರೇಂಜಿನಲ್ಲಿ ಮೆಲ್ಲಗೆ 20 ಎಸೆದೆ. ನಡುವಿನ ಎಸೆತ 61 ಮೀಟರ್. 60 ಮೀಟರಿನಲ್ಲಿ ಒಂದು ಕೋಲು ನೆಟ್ಟಿದ್ದೆ, ಅದರಿಂದ 10 ಮೀಟರಿನೊಳಗೆ ಬಿದ್ದದ್ದು 9. ವಿಡಿಯೊದಲ್ಲಿ ಮೂತಿ ಪ್ರತಿ ಸಲವೂ ಮೇಲೆದ್ದಿರುವುದು ಚೆನ್ನಾಗಿ ಕಾಣುತ್ತದೆ. ಅಣ್ಣಾ, ಭಾನುವಾರ ಗೋಣಿಕೊಪ್ಪಕ್ಕೆ ಬಂದರೆ ಒಮ್ಮೆ ನಿಂತು ನೋಡುತ್ತೀರಾ?

ಗೋಣಿಕೊಪ್ಪದಿಂದ:

ಬನ್ನಿ. ಮಂಜು ಬಿಡುವುದು ಎಂಟಕ್ಕೆ, ಅದಕ್ಕೆ ಮುಂಚೆ ಡಿಸ್ಕ್ ಬಿದ್ದ ಜಾಗ ಕಾಣುವುದಿಲ್ಲ. ಆ ವೇಗ 12ರದ್ದನ್ನೂ ತನ್ನಿ, ಮೂತಿ ಸರಿಯಾದ ಮೇಲೆ ಅದು ಹೇಗೆ ಹಾರುತ್ತದೆ ಅಂತ ಎರಡೇ ಎರಡು ಸಲ ಎಸೆದು ನೋಡೋಣ.