ಲ್ಯಾಪ್‌ಟಾಪ್ ಇದೆ, ಕನ್ನಡ ಓದುತ್ತಿಲ್ಲ

ಪ್ರಶ್ನೆ (ಪ್ರೌಢಶಾಲೆ ಕನ್ನಡ ಶಿಕ್ಷಕಿ):
ನಮಸ್ಕಾರ ಸರ್. ನನ್ನ ಎಂಟನೇ ಕ್ಲಾಸಿನಲ್ಲಿ ಕಣ್ಣು ಕಾಣದ ಹುಡುಗ ಒಬ್ಬ ಇದ್ದಾನೆ. ದಾನಿಗಳು ಲ್ಯಾಪ್‌ಟಾಪ್ ಕೊಡಿಸಿದರು, ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ ಹಾಕಿಸಿದೆವು. ಇಂಗ್ಲಿಷ್ ಚೆನ್ನಾಗಿ ಓದುತ್ತದೆ. ನಾನು ಟೈಪ್ ಮಾಡಿದ ಕನ್ನಡ ನೋಟ್ಸ್ ತೆರೆದರೆ ಮಾತ್ರ ಏನೇನೋ ಒದರುತ್ತದೆ. "ಮೇಡಂ, ಇದ್ಯಾವ ಭಾಷೆ?" ಅಂತ ಹುಡುಗ ನಕ್ಕುಬಿಟ್ಟ. ಈಗ ಲ್ಯಾಪ್‌ಟಾಪ್ ಬೀರು ಸೇರಿದೆ. ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಾ?

ಉತ್ತರ (ವಿಶೇಷ ಶಿಕ್ಷಕ):
ಸುಮ್ನೆ ದುಡ್ಡು ಹಾಕಬೇಡಿ ಮೇಡಂ. ಎನ್‌ವಿಡಿಎ ಉಚಿತ, ಅದರ ಜೊತೆಗೇ ಬರುವ ಇಸ್ಪೀಕ್ ದನಿಗೆ ಕನ್ನಡ ಬರುತ್ತದೆ. ದನಿ ಸ್ವಲ್ಪ ಗೊಗ್ಗರು, ವಾರದಲ್ಲಿ ಕಿವಿಗೆ ಒಗ್ಗುತ್ತದೆ. ತೊಂದರೆ ಇರುವುದು ಫಾಂಟಿನಲ್ಲಿ. ನೀವು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ, ಅಲ್ವಾ? ಅದರಲ್ಲಿ ನಮ್ಮ ಕಣ್ಣಿಗೆ 'ನ' ಕಾಣುತ್ತದೆ. ಒಳಗಿರುವುದು ಪೌಂಡ್ ಗುರುತು, ಪಕ್ಕದಲ್ಲಿ ತಲೆ ಮೇಲೆ ಗೀಟಿರುವ ಇಂಗ್ಲಿಷ್ 'ಎ'. ಸ್ಕ್ರೀನ್ ರೀಡರ್ ಒಳಗಿರುವುದನ್ನೇ ಓದುತ್ತದೆ, ಪಾಪ.

ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಿಸಿ, ಅದರಲ್ಲಿ ಕನ್ನಡ ಅಕ್ಷರ ಒಳಗೂ ಕನ್ನಡ ಅಕ್ಷರವೇ. ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ನೋಡಿ, ಅಲ್ಲಿ ಎಡವುವುದುಂಟು. ಪುಸ್ತಕದ ಫೋಟೊ ಹೊಡೆದು ಮಾಡಿದ ಪಿಡಿಎಫ್ ಕೊಡಬೇಡಿ. ಅದು ಬರೀ ಚಿತ್ರ.

ಶಿಕ್ಷಕಿ:
ಓದಿತು ಸರ್! ಆದರೆ ಇಯರ್‌ಫೋನ್ ಹಾಕಿಕೊಂಡು ಕೂತರೆ ನನ್ನ ಪಾಠ ಅವನಿಗೆ ಕೇಳುವುದಿಲ್ಲ.

ಉತ್ತರ:
ಒಂದೇ ಕಿವಿಗೆ ಹಾಕಿಸಿ. ಅದಕ್ಕಿಂತ ಒಳ್ಳೆಯದು, ಹಿಂದಿನ ದಿನವೇ ಫೈಲ್ ಕೊಡಿ. ಮನೆಯಲ್ಲಿ ಕೇಳಿಕೊಂಡು ಬರಲಿ. ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಬಾಯಲ್ಲೂ ಹೇಳಿ. "ಇಲ್ಲಿ ನೋಡಿ, ಇದು ಅದಕ್ಕೆ ಸೇರುತ್ತೆ" ಅಂದರೆ ಯಾವುದು ಯಾವುದಕ್ಕೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು. ಲ್ಯಾಪ್‌ಟಾಪ್ ಬಂತು ಅಂತ ಬ್ರೈಲ್ ಬಿಡಿಸಬೇಡಿ. ಬರೀ ಕೇಳಿ ಕಲಿತ ನನ್ನ ವಿದ್ಯಾರ್ಥಿನಿಯೊಬ್ಬಳು ಪದ್ಯ ಪೂರ್ತಿ ಬಾಯಿಪಾಠ ಒಪ್ಪಿಸುತ್ತಿದ್ದಳು. ಬರೆಯಲು ಕೂತರೆ 'ಭಾರತ' 'ಬಾರತ' ಆಗುತ್ತಿತ್ತು. ಬೆರಳಿಗೆ ಅಕ್ಷರ ಸಿಕ್ಕಿರಲಿಲ್ಲ.

ಗಣಿತ ಶಿಕ್ಷಕ:
ಲೆಕ್ಕಕ್ಕೆ ಏನು ಮಾಡೋಣ ಸರ್?

ಉತ್ತರ:
ಟೇಲರ್ ಫ್ರೇಮ್, ಅಂದರೆ ಗುಳಿಗಳಲ್ಲಿ ಸಣ್ಣ ಅಚ್ಚುಗಳನ್ನು ಸಿಕ್ಕಿಸಿ ಲೆಕ್ಕ ಮಾಡುವ ಹಲಗೆ. ಹಳೇ ಸಾಮಾನು, ಆದರೂ ದಶಕ ಕೈಗೆ ತೆಗೆದುಕೊಳ್ಳುವ ಲೆಕ್ಕವನ್ನು ಬೆರಳಿನಲ್ಲೇ ತಡವಿ ಮಾಡಬಹುದು. ನಿಮ್ಮ ಬ್ಲಾಕಿನ ಬಿಐಇಆರ್‌ಟಿಯವರನ್ನು (ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ನೆರವಾಗುವ ಸಂಪನ್ಮೂಲ ಶಿಕ್ಷಕರು) ಕೇಳಿ, ಹಿಡಿಯುವ ರೀತಿ ತೋರಿಸುತ್ತಾರೆ.

ಶಿಕ್ಷಕಿ:
ಸರ್, ಈಗ ಹೊಳೆಯಿತು. ಸೋಮವಾರದ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಹಳೇ ಫಾಂಟಿನಲ್ಲೇ ಇದೆ. ಇವತ್ತೇ ಬದಲಿಸುತ್ತೇನೆ.