ಚಿಕ್ಕ ಹೋಂಸ್ಟೇಗೆ ಯಾವ ರಿವ್ಯೂ ಸೈಟ್ ಒಳ್ಳೇದು? ಗೊತ್ತಿದ್ದವರು ಹೇಳಿ

ಕಕ್ಕಬ್ಬೆ ಕಾಫಿಮನೆ:
ಎಲ್ಲರಿಗೂ ನಮಸ್ಕಾರ. ಕೊಡಗಿನ ಕಕ್ಕಬ್ಬೆ ಹತ್ತಿರ ನಮ್ಮದು ಮೂರು ಕೋಣೆಯ ಹೋಂಸ್ಟೇ. ತೋಟದೊಳಗಿನ ಹಳೇ ಹೆಂಚಿನ ಮನೆ. ಅಡುಗೆ ನನ್ನದು, ಲೆಕ್ಕ ನನ್ನ ಗಂಡನದು. ತಡಿಯಂಡಮೋಳ್ ಬೆಟ್ಟ ಹತ್ತೋಕೆ ಬರುವವರೇ ಜಾಸ್ತಿ.

ಗೂಗಲ್ ಮ್ಯಾಪ್ಸ್‌ನಲ್ಲಿ ನಮಗೆ 10 ರಿವ್ಯೂ ಇತ್ತು. ಹತ್ತೂ 5 ಸ್ಟಾರ್. ಹೋದ ವಾರ ಯಾರೋ 1 ಸ್ಟಾರ್ ಕೊಟ್ಟು, "ಈಜುಕೊಳ ಗಲೀಜು, ಕೇಳುವವರೇ ಇಲ್ಲ" ಅಂತ ಬರೆದಿದ್ದಾರೆ. ನಮ್ಮಲ್ಲಿ ಈಜುಕೊಳವೇ ಇಲ್ಲ! ರಿಜಿಸ್ಟರ್ ತೆಗೆದು ಮೂರು ತಿಂಗಳ ಹೆಸರು ಒಂದೊಂದಾಗಿ ನೋಡಿದೆ. ಆ ಹೆಸರಿನವರು ನಮ್ಮ ಮನೆಗೆ ಬಂದೇ ಇಲ್ಲ. 5.0 ಇದ್ದದ್ದು 4.6 ಆಯ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡು ದಿನ ಬಿಟ್ಟು ಒಬ್ಬರು ಫೋನ್ ಮಾಡಿ, ದುಡ್ಡು ಕೊಟ್ಟರೆ 50 ಒಳ್ಳೆ ರಿವ್ಯೂ ಹಾಕಿಸುತ್ತೇವೆ ಅಂದರು. ಬೇಡ ಅಂದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಬುಕಿಂಗ್ ಎಲ್ಲಾ ಕ್ಯಾನ್ಸಲ್ ಆಗಿ, ತಿಂಗಳುಗಟ್ಟಲೆ ಕೋಣೆ ಖಾಲಿ ಇತ್ತು. ಆಗಲೂ ನಾವು ಸುಳ್ಳು ಹೇಳಿ ಜನ ಕರೆಸಲಿಲ್ಲ.

ಗೂಗಲ್, ಟ್ರಿಪ್‌ಅಡ್ವೈಸರ್, ಬುಕಿಂಗ್ ಡಾಟ್ ಕಾಮ್, ಏರ್‌ಬಿಎನ್‌ಬಿ, ಜಸ್ಟ್‌ಡಯಲ್, ಎಲ್ಲವನ್ನೂ ನೋಡಿಕೊಳ್ಳೋಕೆ ನಮ್ಮ ಕೈಲಿ ಆಗಲ್ಲ. ಕಾಫಿ ಕುಯ್ಯೋಕೆ ಶುರುವಾದರೆ ಊಟಕ್ಕೂ ಪುರುಸೊತ್ತಿರಲ್ಲ. ಯಾವುದಕ್ಕೆ ಗಮನ ಕೊಡಲಿ? ಇನ್ನೊಂದು, ರಿವ್ಯೂ ಬರೆದವರಿಗೆ ಕಾಲು ಕೆಜಿ ಕಾಫಿಪುಡಿ ಕೊಡೋಣ ಅಂದುಕೊಂಡಿದ್ದೇನೆ. ಸರಿನಾ?

ಮಡಿಕೇರಿ ಮಳೆ:
ಅಕ್ಕ, ಮೊದಲು ಕಾಫಿಪುಡಿ ವಿಷಯ. ರಿವ್ಯೂಗೆ ಬದಲಾಗಿ ಏನನ್ನೂ ಕೊಡಬೇಡಿ. ಗೂಗಲ್ ನಿಯಮಕ್ಕೆ ಅದು ವಿರುದ್ಧ. 2022ರಲ್ಲಿ ಬಿಐಎಸ್‌ನವರು (ಐಎಸ್‌ಐ ಗುರುತು ಕೊಡೋ ಸರ್ಕಾರಿ ಸಂಸ್ಥೆ) ಆನ್‌ಲೈನ್ ರಿವ್ಯೂಗೆ ಅಂತಲೇ ಐಎಸ್ 19000 ಅನ್ನೋ ಮಾನದಂಡ ತಂದಿದ್ದಾರೆ. ಅದು ಕಡ್ಡಾಯ ಅಲ್ಲ, ಆದರೆ ದುಡ್ಡಿಗೆ ಬರೆಸಿದ ರಿವ್ಯೂ ಅದರಲ್ಲೂ ಸಲ್ಲದು. ಫೋನ್ ಮಾಡಿದವರಿಗೆ ನೀವು ಬೇಡ ಅಂದದ್ದು ಒಳ್ಳೇದೇ ಆಯ್ತು.

ನಾನೂ ಎರಡು ಕೋಣೆ ಬಾಡಿಗೆಗೆ ಕೊಡುತ್ತೇನೆ. ಸೈಟ್ ನೋಡುವಾಗ ನಾನು ಕೇಳಿಕೊಳ್ಳೋದು ಒಂದೇ: ಇಲ್ಲಿ ಬರೆಯೋಕೆ ಯಾರಿಗೆ ಅವಕಾಶ ಇದೆ? ಗೂಗಲ್‌ನಲ್ಲಿ ಖಾತೆ ಇದ್ದರೆ ಸಾಕು. ಟ್ರಿಪ್‌ಅಡ್ವೈಸರ್ ಕೂಡ ಹೆಚ್ಚುಕಡಿಮೆ ಹಾಗೇ, ಯಾವ ತಿಂಗಳು ಬಂದಿದ್ದಿರಿ ಅಂತ ಕೇಳುತ್ತದೆ ಅಷ್ಟೇ. ಬುಕಿಂಗ್ ಡಾಟ್ ಕಾಮ್‌ನಲ್ಲಿ ಅವರ ಮೂಲಕವೇ ಕೋಣೆ ಹಿಡಿದು ಉಳಿದವರು ಮಾತ್ರ ಅಂಕ ಕೊಡಬಹುದು, ಅದೂ 10ಕ್ಕೆ. ಏರ್‌ಬಿಎನ್‌ಬಿಯಲ್ಲಿ ಅತಿಥಿ ನಮ್ಮ ಬಗ್ಗೆ, ನಾವು ಅತಿಥಿ ಬಗ್ಗೆ 14 ದಿನದೊಳಗೆ ಬರೆಯಬೇಕು. ಇಬ್ಬರೂ ಬರೆಯೋ ತನಕ ಅಥವಾ ಗಡುವು ಮುಗಿಯೋ ತನಕ ಒಬ್ಬರದ್ದು ಇನ್ನೊಬ್ಬರಿಗೆ ಕಾಣಲ್ಲ. ಇದರಿಂದ ಸೇಡಿಗೆ ಬರೆಯೋದು ಕಡಿಮೆ. ನನಗೆ ಈ ಎರಡರ ಮೇಲೆ ನಂಬಿಕೆ ಜಾಸ್ತಿ. ಆದರೆ ಅವಕ್ಕೆ ಕಮಿಷನ್ ಕೊಡಬೇಕು, ಲೆಕ್ಕ ಹಾಕಿಯೇ ಸೇರಿ.

ಹಾಗಂತ ಗೂಗಲ್ ಬಿಡೋಕಾಗಲ್ಲ. ದಾರಿ ಹುಡುಕುವವರೆಲ್ಲ ಅಲ್ಲೇ ನೋಡೋದು. ಅದೊಂದು, ಜೊತೆಗೆ ಬುಕಿಂಗ್ ಮಾಡಿಸೋ ಸೈಟ್ ಒಂದು. ಎರಡೇ ಸಾಕು.

ಆ 1 ಸ್ಟಾರ್ ಬಗ್ಗೆ: ನಿಮ್ಮ ಹೋಂಸ್ಟೇ ಹೆಸರಲ್ಲಿ "ಕಾವೇರಿ" ಇದೆಯಾ? ಕೊಡಗಿನಲ್ಲಿ ಆ ಹೆಸರು ಎಷ್ಟು ಕಡೆ ಇದೆ ಅಂತ ನಿಮಗೇ ಗೊತ್ತು. ಬೇರೆ ಜಾಗಕ್ಕೆ ಬರೆಯೋದನ್ನು ನಿಮಗೆ ಬರೆದಿರಬಹುದು. ಗೂಗಲ್‌ಗೆ ದೂರು ಕೊಡಿ. ಕೆಳಗೆ ಸಮಾಧಾನವಾಗಿ ಉತ್ತರವನ್ನೂ ಬರೆಯಿರಿ. ಬರೆದವರಿಗಿಂತ, ಮುಂದೆ ಓದುವವರಿಗೆ ಅದು ಬೇಕು. ಇನ್ನು 40 ಜನ 5 ಕೊಟ್ಟರೆ 4.9ಕ್ಕೆ ಬರುತ್ತೀರಿ.

ಮೈಸೂರು ಸವಾರ:
ನಾನು ಅತಿಥಿ ಕಡೆಯಿಂದ ಹೇಳುತ್ತೇನೆ. ಸ್ಟಾರ್ ಎಷ್ಟು ಅಂತ ನಾನು ನೋಡೋದು ಕೊನೆಗೆ. ಮೊದಲು ನೋಡೋದು ತಿಂಗಳು. ಜನವರಿಯಲ್ಲಿ ಬಂದವರು ಬಿಸಿಲು, ಒಣಗೋಕೆ ಹಾಕಿದ ಕಾಫಿ, ಕ್ಯಾಂಪ್‌ಫೈರ್ ಅಂತ ಬರೆದಿರುತ್ತಾರೆ. ಅದೇ ಮನೆಗೆ ಜುಲೈಯಲ್ಲಿ ಹೋದರೆ ಎರಡು ದಿನ ಕರೆಂಟ್ ಇಲ್ಲ, ಕಾಲಿಗೆ ಜಿಗಣೆ, ಒಗೆದ ಬಟ್ಟೆ ಒಣಗಲ್ಲ. ಇಬ್ಬರೂ ಬರೆದದ್ದು ನಿಜವೇ. ಹಾಗಾಗಿ ಮಳೆಗಾಲದ ಫೋಟೋ ನೀವೇ ಹಾಕಿಬಿಡಿ, ಅಕ್ಕ. ಕೊನೆಯ ರಸ್ತೆಗೆ ಚಿಕ್ಕ ಕಾರು ಬರುತ್ತೋ ಇಲ್ಲವೋ, ಜನರೇಟರ್ ಇದೆಯೋ ಇಲ್ಲವೋ, ಅದನ್ನೂ ಬರೆಯಿರಿ. ಒಂದು ಸಲ ಅದು ಗೊತ್ತಿಲ್ಲದೆ ಹೋಗಿ, ಮಗುವನ್ನು ಎತ್ತಿಕೊಂಡು ಮಳೆಯಲ್ಲಿ ಅರ್ಧ ಕಿಲೋಮೀಟರ್ ನಡೆದಿದ್ದೇವೆ.

ಗೋಣಿಕೊಪ್ಪ ವೈರಿಂಗ್:
ಜಸ್ಟ್‌ಡಯಲ್ ನಮ್ಮಂಥ ರಿಪೇರಿಯವರಿಗೆ ಸರಿ. ಪಂಪ್ ಕೆಟ್ಟಾಗ ಜನರಿಗೆ ಬೇಕಾಗೋದು ಫೋನ್ ನಂಬರ್. ಹೋಂಸ್ಟೇಗೆ ಅದು ಅಷ್ಟು ಮುಖ್ಯ ಅಲ್ಲ ಅನ್ನಿಸುತ್ತೆ.

ಕಕ್ಕಬ್ಬೆ ಕಾಫಿಮನೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೌದು, ಹೆಸರಲ್ಲಿ ಕಾವೇರಿ ಇದೆ! ಮ್ಯಾಪ್ ತೆಗೆದು ನೋಡಿದರೆ ನಮ್ಮ ಪಿನ್ ಕೂಡ ಪಕ್ಕದ ತೋಟದ ಲೈನ್ ಮನೆ (ಕೆಲಸದವರ ಸಾಲುಮನೆ) ಹತ್ತಿರ ಇತ್ತು. ಅದನ್ನು ಗೇಟಿಗೆ ತಂದಿದ್ದೇನೆ. ದೂರು ಕೊಟ್ಟು, ಕೆಳಗೆ ಹೀಗೆ ಬರೆದೆ: "ನಮಸ್ಕಾರ. ನಮ್ಮದು ಮೂರು ಕೋಣೆಯ ತೋಟದ ಮನೆ, ಈಜುಕೊಳ ಇಲ್ಲ. ನೀವು ಬೇರೆ ಜಾಗದ ಬಗ್ಗೆ ಬರೆದಿರಬಹುದು, ದಯವಿಟ್ಟು ಒಮ್ಮೆ ನೋಡಿ."

ಕಾಫಿಪುಡಿ ಪೊಟ್ಟಣ ಇನ್ನು ಬಂದವರಿಗೆಲ್ಲ ಕೊಡುತ್ತೇನೆ, ರಿವ್ಯೂ ಮಾತು ಎತ್ತಲ್ಲ. ಇವತ್ತು ಮಧ್ಯಾಹ್ನ ಮಳೆ ಜೋರಿತ್ತು. ಅಂಗಳದಲ್ಲಿ ನೀರು ಹರಿಯೋದು, ಗೇಟಿನ ಹತ್ತಿರದ ಕೆಸರು ರಸ್ತೆ, ಎರಡರ ಫೋಟೋನೂ ಹಾಕಿದ್ದೇನೆ. "ಜೂನ್‌ನಿಂದ ಸೆಪ್ಟೆಂಬರ್ ತನಕ ಜೀಪಿನಲ್ಲಿ ಕರೆದುಕೊಂಡು ಬರುತ್ತೇವೆ" ಅಂತ ಕೆಳಗೆ ಬರೆದಿದ್ದೇನೆ.