ಸಣ್ಣ ಆಸ್ಪತ್ರೆಯ ದಾಖಲೆಗೆ ಬ್ಲಾಕ್‌ಚೈನ್ ಬೇಕಾ? ಅನುಭವ ಇರುವವರು ಹೇಳಿ

ಪ್ರಶ್ನೆ: ನಮ್ಮದು ತಾಲೂಕು ಊರಿನ 40 ಹಾಸಿಗೆಯ ಆಸ್ಪತ್ರೆ. ಒಂದು ಕಂಪನಿಯವರು ಬಂದು, ರೋಗಿಗಳ ದಾಖಲೆಯನ್ನೆಲ್ಲ ಬ್ಲಾಕ್‌ಚೈನ್‌ಗೆ, ಅಂದರೆ ಹಲವು ಕಂಪ್ಯೂಟರ್‌ಗಳು ಒಂದೇ ಪ್ರತಿ ಇಟ್ಟುಕೊಳ್ಳುವ, ಆಮೇಲೆ ತಿದ್ದಲಾಗದ ಡಿಜಿಟಲ್ ಲೆಕ್ಕದ ಪುಸ್ತಕಕ್ಕೆ ಹಾಕಿಕೊಡುತ್ತೇವೆ, ಆಮೇಲೆ ಯಾರೂ ಹ್ಯಾಕ್ ಮಾಡಲು ಆಗಲ್ಲ ಎಂದಿದ್ದಾರೆ. ದೊಡ್ಡ ಡಾಕ್ಟರಿಗೆ ಇಷ್ಟವಾಗಿದೆ. ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವಳು ನಾನೊಬ್ಬಳೇ. ಏನು ಕೇಳಬೇಕು ಹೇಳಿ.

ಆಸ್ಪತ್ರೆ ಸಾಫ್ಟ್‌ವೇರ್ ಬರೆಯುವವನು, ಬೆಂಗಳೂರು: ಮೇಡಂ, ಮೊದಲು ಒಂದೇ ಪ್ರಶ್ನೆ ಕೇಳಿ. ಚೈನ್ ಮೇಲೆ ಹೋಗುವುದು ಏನು? ರಿಪೋರ್ಟೇ ಹೋಗುತ್ತದೆ ಅಂದರೆ ಬೇಡವೇ ಬೇಡ. ಒಂದು ಸ್ಕ್ಯಾನ್ ಫೈಲ್ ನೂರಾರು ಎಂಬಿ ಇರುತ್ತದೆ, ಅದರ ಪ್ರತಿ ಜಾಲದ ಎಲ್ಲ ಕಂಪ್ಯೂಟರಿನಲ್ಲೂ ಕೂರಬೇಕು, ಒಮ್ಮೆ ಬರೆದದ್ದನ್ನು ಅಳಿಸಲೂ ಆಗದು. 2023ರ ಡಿಜಿಟಲ್ ಡೇಟಾ ಕಾಯ್ದೆಯಲ್ಲಿ ತನ್ನ ಮಾಹಿತಿ ತಿದ್ದಿ, ಅಳಿಸಿ ಎಂದು ಕೇಳುವ ಹಕ್ಕಿದೆ. ಆಗ ಏನು ಮಾಡುತ್ತೀರಿ?

ಎಲ್ಲರೂ ಎಸ್ಟೋನಿಯಾ ಹೆಸರು ಹೇಳುತ್ತಾರೆ. ಅಲ್ಲಿನ ಸರ್ಕಾರ 2016ರಲ್ಲಿ ಗಾರ್ಡ್‌ಟೈಮ್ ಕಂಪನಿಯ ತಂತ್ರಜ್ಞಾನವನ್ನು 10 ಲಕ್ಷಕ್ಕೂ ಹೆಚ್ಚು ಜನರ ಆರೋಗ್ಯ ದಾಖಲೆಗೆ ತಂದಿತು, ನಿಜ. ಆದರೆ ಅಲ್ಲಿಯೂ ರೋಗಿಯ ಫೈಲ್ ಚೈನ್ ಮೇಲಿಲ್ಲ. ಇರುವುದು ಹ್ಯಾಶ್ ಮಾತ್ರ, ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆದ ಚಿಕ್ಕ ಗುರುತು. ಫೈಲಿನಲ್ಲಿ ಒಂದಕ್ಷರ ಬದಲಾದರೂ ಗುರುತು ಹೊಂದುವುದಿಲ್ಲ, ತಿದ್ದಿದ್ದು ತಿಳಿದುಹೋಗುತ್ತದೆ. ನನಗೆ ಅಲ್ಲಿ ತುಂಬ ಹಿಡಿಸಿದ್ದು ಬೇರೆ: ತನ್ನ ದಾಖಲೆ ಯಾರು ತೆರೆದು ನೋಡಿದರು ಎಂಬುದನ್ನು ರೋಗಿಯೇ ಲಾಗಿನ್ ಆಗಿ ನೋಡಬಹುದು. ಇದು ನಮ್ಮಲ್ಲೂ ಬರಬೇಕು, ಅಲ್ವಾ?

ಹ್ಯಾಕ್ ಆಗಲ್ಲ ಅನ್ನುವುದನ್ನು ನಂಬಬೇಡಿ. ಹ್ಯಾಶ್ ಇದ್ದರೆ ತಿದ್ದಿದ್ದು ತಿಳಿಯುತ್ತದೆ ಅಷ್ಟೇ, ಅದರಿಂದ ಕಳ್ಳತನ ತಡೆಯಲು ಆಗುವುದಿಲ್ಲ. 2022ರ ನವೆಂಬರ್‌ನಲ್ಲಿ ದೆಹಲಿ ಏಮ್ಸ್ ಸರ್ವರ್‌ಗಳ ಮೇಲೆ ದಾಳಿಯಾಗಿ ಎಷ್ಟೋ ದಿನ ಕೈಬರಹದಲ್ಲೇ ಕೆಲಸ ನಡೆಯಿತು. ಅಂಥ ಹೊತ್ತಿಗೆ ಬೇಕಾಗುವುದು ಬೇರೆ ಕಡೆ ಇಟ್ಟ ಬ್ಯಾಕಪ್.

ಫಾರ್ಮಸಿಸ್ಟ್, ದಾವಣಗೆರೆ: ಸರ್ ಹೇಳಿದ್ದು ಸರಿ, ಆದರೆ ಔಷಧಿ ಸಾಗಾಟದಲ್ಲಿ ಇದು ನಿಜಕ್ಕೂ ಉಪಯೋಗ. ಅಲ್ಲಿ ತಯಾರಕರು, ಗೋದಾಮು, ಸಾಗಿಸುವವರು, ಆಸ್ಪತ್ರೆ ಎಲ್ಲ ಬೇರೆ ಬೇರೆ, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಪೂರ್ತಿ ನಂಬುವುದಿಲ್ಲ. ನಮ್ಮ ರಾಜ್ಯದ ಸರ್ಕಾರಿ ಔಷಧಿ ಪೂರೈಕೆಯ 'ಔಷಧ' ವ್ಯವಸ್ಥೆಗೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ಬ್ಲಾಕ್‌ಚೈನ್ ಜೋಡಿಸಿರುವುದು ಇದಕ್ಕೇ. ಅಮೆರಿಕದಲ್ಲಿ ಔಷಧಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ಲೆಕ್ಕ ಇಡಬೇಕೆನ್ನುವ 2013ರ ಕಾನೂನಿಗಾಗಿ ಮೆಡಿಲೆಡ್ಜರ್ ಎಂಬ ಬ್ಲಾಕ್‌ಚೈನ್ ಪ್ರಯೋಗವೂ ನಡೆಯಿತು.

ಆದರೂ ಒಂದು ಮಾತು. ಗೋದಾಮಿನಲ್ಲಿ ಹುಡುಗ ತಪ್ಪು ಡಬ್ಬ ಸ್ಕ್ಯಾನ್ ಮಾಡಿದರೆ ಆ ತಪ್ಪು ಚೈನಿನಲ್ಲಿ ಹಾಗೇ ಕೂರುತ್ತದೆ. ಒಳಗಿನ ಮಾತ್ರೆ ಅಸಲಿಯೋ ನಕಲಿಯೋ ಚೈನಿಗೆ ಗೊತ್ತಾಗಲ್ಲ. 2023ರ ಆಗಸ್ಟ್‌ನಿಂದ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ, ಸರಕು ಬಂದಾಗ ಅದನ್ನು ಸ್ಕ್ಯಾನ್ ಮಾಡಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾಳೆ ನೋಡಿ. ಇದಕ್ಕೆ ಖರ್ಚೇ ಇಲ್ಲ.

ರೆಕಾರ್ಡ್ ರೂಮ್ ನೋಡಿಕೊಳ್ಳುವವಳು, ಮೈಸೂರು: ಅಕ್ಕಾ, ನಮ್ಮಲ್ಲಿ ನಿಜವಾದ ತೊಂದರೆ ಬೇರೆಯೇ. ಒಬ್ಬರೇ ರೋಗಿ, ಮೂರು ಹೆಸರು. ಒಮ್ಮೆ ಲಕ್ಷ್ಮಮ್ಮ, ಒಮ್ಮೆ ಲಕ್ಷ್ಮೀದೇವಮ್ಮ, ಇನ್ನೊಮ್ಮೆ ಬರೀ ಇನಿಷಿಯಲ್. ಹಳೆ ಅಲರ್ಜಿ ಒಂದು ಫೈಲಿನಲ್ಲಿ, ಇವತ್ತಿನ ಚೀಟಿ ಇನ್ನೊಂದರಲ್ಲಿ. ಇದನ್ನು ಸರಿ ಮಾಡದೆ ಯಾವ ತಂತ್ರಜ್ಞಾನ ತಂದರೂ ಜೀವಕ್ಕೇ ಅಪಾಯ. ಕೇಂದ್ರ ಸರ್ಕಾರ ಒಬ್ಬೊಬ್ಬರ ಆರೋಗ್ಯ ದಾಖಲೆಗೆ ಕೊಡುವ 14 ಅಂಕಿಯ ಆಭಾ ನಂಬರ್ ಜೋಡಿಸುವುದರಿಂದ ಶುರು ಮಾಡಿ. ಅದರಲ್ಲಿ ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ, ರೋಗಿ ಒಪ್ಪಿಗೆ ಕೊಟ್ಟರೆ ಮಾತ್ರ ಬೇರೆಯವರಿಗೆ ಹೋಗುತ್ತದೆ. ಬ್ಲಾಕ್‌ಚೈನ್ ಇಲ್ಲದೆಯೇ.

ಇನ್ನೊಂದು ಕೇಳಿ: ದಾಖಲೆ ತೆರೆಯುವ ಕೀ ರೋಗಿಯ ಫೋನಿನಲ್ಲಿರುತ್ತದೆ ಅನ್ನುತ್ತಾರಲ್ಲ, ಅಜ್ಜಿಯ ಫೋನ್ ಕಳೆದರೆ? ರಾತ್ರಿ ಎಚ್ಚರ ತಪ್ಪಿದವರನ್ನು ಕರೆತಂದರೆ? ಆಗ ಯಾರು ತೆರೆಯುತ್ತಾರೆ, ಅದು ಎಲ್ಲಿ ದಾಖಲಾಗುತ್ತದೆ ಎಂದು ಬರೆದು ಕೊಡಲಿ.

ಕೇಳಿದವಳು: ತುಂಬಾ ಧನ್ಯವಾದ. ಡಾಕ್ಟರ್ ಮುಂದೆ ಇದನ್ನೇ ಇಡುತ್ತೇನೆ. ಡಿಸ್ಚಾರ್ಜ್ ಸಮರಿ ಯಾರೂ ಆಮೇಲೆ ತಿದ್ದಬಾರದು ಅನ್ನುವುದೇ ಅವರ ಮುಖ್ಯ ಚಿಂತೆ. ಅಷ್ಟಕ್ಕೆ ಏನಾದರೂ ದಾರಿ ಇದೆಯಾ?

ಆಸ್ಪತ್ರೆ ಸಾಫ್ಟ್‌ವೇರ್ ಬರೆಯುವವನು: ಇದೆ. ಡಾಕ್ಟರ್ ಡಿಜಿಟಲ್ ಸಹಿ ಹಾಕಲಿ. ಪ್ರತಿ ಸಮರಿಯ ಹ್ಯಾಶ್ ತೆಗೆದು, ರಾತ್ರಿ ಆ ಪಟ್ಟಿಯನ್ನು ಆಸ್ಪತ್ರೆಯ ಹೊರಗೆ, ನಿಮ್ಮ ಕೈಗೂ ಅವರ ಕೈಗೂ ಸಿಗದ ಜಾಗಕ್ಕೆ ಕಳಿಸಿ. ಬದಲಾವಣೆ ಬೇಕಾದರೆ ಹಳೆಯದನ್ನು ಮುಟ್ಟದೆ ಹೊಸ ಪ್ರತಿ ಸೇರಿಸಿ. ಜೊತೆಗೆ ಬ್ಯಾಕಪ್‌ನಿಂದ ಒಂದು ಫೈಲ್ ನಿಜಕ್ಕೂ ವಾಪಸ್ ಬರುತ್ತದಾ ಅಂತ ಈ ವಾರವೇ ಮಾಡಿ ನೋಡಿ.